ಒಂದೇ ಒಂದು ಸುಳ್ಳು: ಕೊಡಗಿನಲ್ಲಿ ಕೂತು ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಬರೆಯುವ ಬಗೆ

ವಿಜಯದಶಮಿಯ ರಾತ್ರಿ ಮಡಿಕೇರಿಯ ರಸ್ತೆ ಬದಿಯಲ್ಲಿ ನಿಂತು ದಶಮಂಟಪ ನೋಡಿದವರಿಗೆ ಫ್ಯಾಂಟಸಿ ಯಾಕೆ ಜನರಿಗೆ ಇಷ್ಟ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ದೇವಸ್ಥಾನಗಳ ಹತ್ತು ಮಂಟಪ. ಕೈಕಾಲು ಆಡಿಸುವ ರಾಕ್ಷಸರು, ಕಣ್ಣು ಕುಕ್ಕುವ ಲೈಟು, ಎದೆ ನಡುಗಿಸುವ ಸೌಂಡು, ಹೊಗೆ. ಕೊನೆಗೆ ಅಸುರ ಸಾಯುತ್ತಾನೆ ಅನ್ನುವುದು ಅಲ್ಲಿದ್ದ ಮಗುವಿಗೂ ಗೊತ್ತು. ಆದರೂ ಆ ಚಳಿಯಲ್ಲಿ ಬೆಳಗಿನ ಜಾವದವರೆಗೆ ಜನ ಕದಲುವುದಿಲ್ಲ. ಈ ಸಲ ಹೇಗೆ ಮಾಡಿದ್ದಾರೆ ಅಂತ ಅವರಿಗೆ ನೋಡಬೇಕು. ಆಮೇಲೆ ವಾರವಿಡೀ ಕಾಫಿ ಅಂಗಡಿಯಲ್ಲಿ ಅದೇ ಚರ್ಚೆ: ಯಾವ ಮಂಟಪದ ಸಿಂಹ ನಿಜವಾದ ಸಿಂಹದ ಹಾಗೆ ತಲೆ ತಿರುಗಿಸಿತು, ಯಾವುದು ಬರೀ ಬೊಂಬೆ.

ಇಂಥ ಊರಲ್ಲಿ ಬೆಳೆದವರು ಕಥೆ ಬರೆಯಲು ಕೂತರೆ ಮಾತ್ರ ಹಿಮ ಬೀಳುವ ದೇಶ, ಡ್ರ್ಯಾಗನ್, ಉದ್ದ ಗಡ್ಡದ ಮಾಂತ್ರಿಕ ಬಂದುಬಿಡುತ್ತಾರೆ. ಸೈನ್ಸ್ ಫಿಕ್ಷನ್ ಆದರೆ ನ್ಯೂಯಾರ್ಕಿನ ಮೇಲೆ ಹಾರುವ ತಟ್ಟೆ ಇಳಿಯುತ್ತದೆ. ಓದಿದ್ದು, ನೋಡಿದ್ದು ಅದೇ ಆದ್ದರಿಂದ ಇದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಹಿಮವನ್ನೇ ಮುಟ್ಟದವರು ಬರೆದ ಹಿಮ ತಣ್ಣಗಿರುವುದಿಲ್ಲ. ನನ್ನ ಪ್ರಕಾರ ಒಂದು ಕಥೆಗೆ ಒಂದೇ ಸುಳ್ಳು ಸಾಕು. ಉಳಿದದ್ದೆಲ್ಲ ಕೊಡಗು ಇರುವ ಹಾಗೇ ಇರಲಿ. ಅದನ್ನು ಮಾಡುವುದು ಹೇಗೆ ಅಂತ ಒಂದೊಂದೇ ಹೆಜ್ಜೆ ನೋಡೋಣ.

1. ಸುಳ್ಳನ್ನು ಆರಿಸಿಕೊಳ್ಳಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅದರಲ್ಲಿ ‘ಹೀಗಾದರೆ?’ ಅನ್ನುವ ಪ್ರಶ್ನೆಗಳನ್ನು ಮಾತ್ರ ಬರೆಯಿರಿ. ಪಾತ್ರ, ಕಥೆ ಎಲ್ಲ ಆಮೇಲೆ. ತನ್ನ ಬೇಲಿಯೊಳಗೆ ಮಾತ್ರ ಹೂಮಳೆ ತರಿಸುವ ಯಂತ್ರ ಒಬ್ಬ ಬೆಳೆಗಾರನ ಕೈಗೆ ಸಿಕ್ಕಿದರೆ? ಮರ ಕಡಿಯಬಾರದ ದೇವರಕಾಡಿನಿಂದ ಕಡಿದು ತಂದ ಸೌದೆ ಯಾರ ಒಲೆಯಲ್ಲೂ ಉರಿಯದಿದ್ದರೆ? ಮಡಿಕೇರಿಗೆ ಇಳಿದ ಮಂಜು ತಿಂಗಳಾದರೂ ಏಳದಿದ್ದರೆ?

ಒಳ್ಳೇ ಪ್ರಶ್ನೆ ಯಾವುದು ಅಂತ ತಿಳಿಯುವುದು ಸುಲಭ. ಕೇಳಿದ ತಕ್ಷಣ ಅದರಲ್ಲಿ ಒಂದು ಜಗಳ ಕಾಣಬೇಕು. ಹೂಮಳೆಯ ಪ್ರಶ್ನೆ ನೋಡಿ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಆ ಒಂದು ಮಳೆಗೆ ಊರಿಗೆ ಊರೇ ಆಕಾಶ ನೋಡುತ್ತಿರುತ್ತದೆ. ಕೆರೆಯ ನೀರು ಸ್ಪ್ರಿಂಕ್ಲರಿಗೆ ಸಾಕಾಗುತ್ತದಾ ಅಂತ ಲೆಕ್ಕ ಹಾಕುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಒಬ್ಬನ ತೋಟ ಮಾತ್ರ ಬೆಳ್ಳಗೆ ಹೂ ಬಿಟ್ಟು ನಿಂತರೆ ಪಕ್ಕದ ತೋಟದವರು ಸುಮ್ನೆ ಇರ್ತಾರಾ? ಮಂಜಿನ ಪ್ರಶ್ನೆ ಚೆಂದವೇ, ಆದರೆ ಅದರಲ್ಲಿ ಜಗಳವಿಲ್ಲ. ಅದನ್ನು ಪದ್ಯಕ್ಕೆ ಇಟ್ಟುಕೊಳ್ಳಿ.

ಇಲ್ಲಿ ಒಂದೇ ಉದಾಹರಣೆ ಹಿಡಿದು ಹೋಗೋಣ. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ 18ನೇ ದಿನ, ಸಾಮಾನ್ಯವಾಗಿ ಆಗಸ್ಟ್ 3ಕ್ಕೆ, ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಆಟಿ ಸೊಪ್ಪು ಅಂತಲೂ ಕರೆಯುತ್ತಾರೆ. ಆ ಒಂದು ದಿನ ಸೊಪ್ಪಿನಲ್ಲಿ 18 ಬಗೆಯ ಔಷಧ ಸೇರಿರುತ್ತದೆ ಅನ್ನುವುದು ನಂಬಿಕೆ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ಗೊತ್ತಿಲ್ಲದೆ ತಿಂದ ನೆಂಟರು ಬೆಳಗ್ಗೆ ಗಾಬರಿಯಾಗುವುದುಂಟು. ಅರ್ಧ ಮಾಯೆ ಆಗಲೇ ಪಾತ್ರೆಯಲ್ಲಿದೆ, ಅಲ್ವಾ? ನಾವು ಸೇರಿಸುವ ಸುಳ್ಳು ಇಷ್ಟೇ: ಆ ಪಾಯಸ ತಿಂದವರಿಗೆ ಒಂದು ದಿನದ ಮಟ್ಟಿಗೆ ಆನೆಗಳ ಮಾತು ಅರ್ಥವಾದರೆ?

2. ಫ್ಯಾಂಟಸಿಯಾ, ಸೈನ್ಸ್ ಫಿಕ್ಷನ್ನಾ? ಈಗಲೇ ತೀರ್ಮಾನಿಸಿ

ಆನೆಗಳು ನಮಗೆ ಕೇಳದ ದನಿಯಲ್ಲಿ ಮಾತಾಡಿಕೊಳ್ಳುವುದು ಕಥೆಯಲ್ಲ, ನಿಜ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಆನೆಗಳ ಹತ್ತಿರ ಇದ್ದ ಕೇಟಿ ಪೇನ್ ಎಂಬ ಸಂಶೋಧಕಿಗೆ ಕಿವಿಗೆ ಏನೂ ಕೇಳದೆ ಗಾಳಿ ಮಾತ್ರ ಅದುರಿದ ಹಾಗೆ ಅನ್ನಿಸಿತು. ಆಮೇಲೆ ಧ್ವನಿ ಮುದ್ರಿಸಿ, ಟೇಪನ್ನು ವೇಗವಾಗಿ ಓಡಿಸಿದಾಗ ಆನೆಗಳ ಮಾತು ಹೊರಬಿತ್ತು. ಸುಮಾರು 20 ಹರ್ಟ್ಸ್‌ಗಿಂತ ಕೆಳಗಿನ ಶಬ್ದ ನಮ್ಮ ಕಿವಿಗೆ ಬೀಳುವುದಿಲ್ಲ. ಆನೆಯ ಗುಡುಗುಡು ದನಿ ಅದಕ್ಕೂ ಕೆಳಗೆ ಇಳಿಯುತ್ತದೆ, ಕಾಡಿನಲ್ಲಿ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ.

ಹಾಗಾಗಿ ಒಂದೇ ಸುಳ್ಳನ್ನು ಎರಡು ರೀತಿಯಲ್ಲಿ ಬರೆಯಬಹುದು. ಪೊನ್ನಂಪೇಟೆಯ ಅರಣ್ಯ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ತೋಟದ ಮರಗಳಿಗೆ ಮೈಕ್ ಕಟ್ಟಿ, ಆ ದನಿಯನ್ನು ಮಾತಾಗಿ ಬಿಡಿಸುವ ಪ್ರೋಗ್ರಾಂ ಬರೆದರೆ ಅದು ಸೈನ್ಸ್ ಫಿಕ್ಷನ್. ಅಜ್ಜಿ ಮಾಡಿದ ಪಾಯಸ ತಿಂದು ಕೇಳಿಸಿದರೆ ಅದು ಫ್ಯಾಂಟಸಿ. ಮೊದಲನೆಯದರಲ್ಲಿ ಓದುಗರು ‘ಇದು ಹೇಗೆ ಸಾಧ್ಯ?’ ಅಂತ ಕೇಳುತ್ತಾರೆ. ನಿಮ್ಮ ಹತ್ತಿರ ಉತ್ತರ ಇರಬೇಕು. ಕಾಲು ಭಾಗ ಹೇಳಿದರೂ ಸಾಕು. ಎರಡನೆಯದರಲ್ಲಿ ‘ಇದರ ಮಿತಿ ಏನು?’ ಅಂತ ಕೇಳುತ್ತಾರೆ. ಪಾಯಸದಿಂದ ಶುರು ಮಾಡಿ, ಕಥೆ ಸಿಕ್ಕಿಹಾಕಿಕೊಂಡಾಗ ಅರ್ಧದಲ್ಲಿ ಸಾಫ್ಟ್‌ವೇರ್ ತರಬೇಡಿ. ಎರಡೂ ಕೆಡುತ್ತವೆ.

ಮನೆಯಿಂದ ಹೊರಗೆ ಕಾಲಿಡಲು ಬಿಡದ ಮಳೆ ಈ ಕೆಲಸಕ್ಕೆ ಒಳ್ಳೆಯದು ಅನ್ನುವುದಕ್ಕೆ ಹಳೇ ಸಾಕ್ಷಿಯೂ ಇದೆ. 1815ರಲ್ಲಿ ಇಂಡೋನೇಷ್ಯಾದ ತಾಂಬೋರಾ ಜ್ವಾಲಾಮುಖಿ ಸಿಡಿದ ಕಾರಣಕ್ಕೆ ಮುಂದಿನ ವರ್ಷ ಯುರೋಪಿಗೆ ಬೇಸಿಗೆಯೇ ಸರಿಯಾಗಿ ಬರಲಿಲ್ಲ. ಜಿನೀವಾ ಸರೋವರದ ದಡದಲ್ಲಿ ಮಳೆಗೆ ಸಿಕ್ಕಿಕೊಂಡ ಕೆಲವು ಗೆಳೆಯರು ಬೇಜಾರು ಕಳೆಯಲು ದೆವ್ವದ ಕಥೆ ಬರೆಯುವ ಪಂದ್ಯ ಹೂಡಿದರು. ಅವರ ಜೊತೆಗಿದ್ದ, ಮುಂದೆ ಮೇರಿ ಶೆಲ್ಲಿ ಅಂತ ಹೆಸರಾದ 18 ವರ್ಷದ ಹುಡುಗಿ ಆಗ ಶುರು ಮಾಡಿದ್ದೇ ‘ಫ್ರಾಂಕೆನ್‌ಸ್ಟೈನ್’. 1818ರಲ್ಲಿ ಅದು ಅಚ್ಚಾಯಿತು. ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುತ್ತದೆ ಅನ್ನುವುದು ಆ ಕಾಲದ ದೊಡ್ಡ ಸುದ್ದಿ. ಆಕೆ ದೆವ್ವವನ್ನು ಬಿಟ್ಟು ಆ ಸುದ್ದಿಯ ಬೆನ್ನು ಹತ್ತಿದಳು.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವೈಜ್ಞಾನಿಕ ಕಥೆಗೆ ದಾರಿ ಮಾಡಿಕೊಟ್ಟರು. ಆ ದಾರಿಯಲ್ಲಿ ಇನ್ನೂ ಜಾಗ ಜಾಸ್ತಿ ಇದೆ, ನೂಕುನುಗ್ಗಲಿಲ್ಲ. ಆದರೂ ಮೊದಲ ಕಥೆಯಾದರೆ ಪಾಯಸದ ದಾರಿಯೇ ಇರಲಿ ಅನ್ನುತ್ತೇನೆ. ನಾವೂ ಇಲ್ಲಿ ಅದನ್ನೇ ಹಿಡಿಯೋಣ.

3. ಕಟ್ಟಳೆ ಹಾಕಿ, ಬೆಲೆ ಇಡಿ

ಮಾಯೆಗೆ ಮಿತಿಯಿಲ್ಲದಿದ್ದರೆ ಕಥೆಗೆ ಭಯವಿಲ್ಲ. ಏನು ಬೇಕಾದರೂ ಆಗುವುದಾದರೆ ಓದುಗ ಯಾಕೆ ಕಾಯಬೇಕು? ನಮ್ಮ ಕಥೆಗೆ ಮೂರು ಕಟ್ಟಳೆ ಹಾಕೋಣ. ಪಾಯಸ ತಿಂದವರಿಗೆ ಮೂತ್ರದ ಕೆಂಪು ಇಳಿಯುವವರೆಗೆ ಮಾತ್ರ ಆನೆಗಳ ಮಾತು ಕೇಳಿಸುತ್ತದೆ. ನಗು ಬಂದರೂ ಇದು ಒಳ್ಳೇ ಗಡಿಯಾರ, ಮನೆಯಲ್ಲಿ ಎಲ್ಲರೂ ಗುಟ್ಟಾಗಿ ನೋಡಿಕೊಳ್ಳುತ್ತಿರುತ್ತಾರೆ. ಎರಡನೆಯದು, ಕೇಳಿಸಿಕೊಳ್ಳಬಹುದು, ತಿರುಗಿ ಮಾತಾಡಲಾಗದು. ಮೂರನೆಯದು ಬೆಲೆ. ಅಷ್ಟು ಹೊತ್ತು ಮನುಷ್ಯರ ಮಾತು ಕಿವಿಗೆ ಬೀಳುವುದಿಲ್ಲ. ಮಗು ಅತ್ತರೂ ಕೇಳಿಸದು.

ಈ ಕಟ್ಟಳೆಗಳು ಓದುಗರಿಗೆ ಕಥೆಯ ಮೊದಲ ಕಾಲು ಭಾಗದಲ್ಲೇ ಗೊತ್ತಾಗಲಿ. ಮಾಯೆಯಿಂದ ಕಷ್ಟ ಬಗೆಹರಿಸಬೇಕಾದರೆ ಆ ಮಾಯೆ ಹೇಗೆ ನಡೆಯುತ್ತದೆ ಅಂತ ಓದುಗರಿಗೆ ಮೊದಲೇ ತಿಳಿದಿರಬೇಕು ಅಂತ ಅಮೆರಿಕದ ಲೇಖಕ ಬ್ರಾಂಡನ್ ಸ್ಯಾಂಡರ್‌ಸನ್ ಹೇಳುತ್ತಾರೆ. ಕಟ್ಟಳೆಯಿಂದ ಇನ್ನೊಂದು ಲಾಭವೂ ಇದೆ. ಐಸಾಕ್ ಅಸಿಮೊವ್ 1942ರ ಒಂದು ಕಥೆಯಲ್ಲಿ ರೋಬೋಟ್‌ಗಳಿಗೆ ಮೂರು ನಿಯಮ ಬರೆದರು. ಆ ನಿಯಮಗಳು ಒಂದಕ್ಕೊಂದು ಅಡ್ಡ ಬಂದಾಗ ಏನಾಗುತ್ತದೆ ಅನ್ನುವುದರಿಂದಲೇ ಅವರಿಗೆ ಎಷ್ಟೋ ಕಥೆಗಳು ಸಿಕ್ಕಿದವು. ನಮ್ಮ ಮೂರನ್ನೂ ಹಾಗೆ ಎದುರುಬದುರು ನಿಲ್ಲಿಸಿ ನೋಡಿ.

ಮತ್ತೆ, ಮಾಯೆ ನಡೆದುಹೋದ ಮೇಲೆ ಅದರ ಗುರುತು ದಿನದ ಬದುಕಿನಲ್ಲಿ ಉಳಿಯಬೇಕು. ಇದನ್ನು ಕಲಿಯಲು ಕೊಡಗಿನವರು ಹೊರಗೆ ಹೋಗಬೇಕಾಗಿಲ್ಲ. ಅಗಸ್ತ್ಯರ ಕಮಂಡಲದಿಂದ ಹರಿದು ಹೊರಟ ಕಾವೇರಿಯನ್ನು ಬಲಮುರಿಯಲ್ಲಿ ತಡೆಯಲು ನಿಂತ ಹೆಂಗಸರ ಸೀರೆಯ ನೆರಿಗೆ ನೀರಿನ ರಭಸಕ್ಕೆ ಹಿಂದಕ್ಕೆ ಸರಿಯಿತು ಅನ್ನುತ್ತದೆ ಐತಿಹ್ಯ. ನದಿ ಮುಂದೆ ಹೋಯಿತು, ನೆರಿಗೆ ಹಿಂದೆಯೇ ಉಳಿಯಿತು. ಕೊಡವ ಹೆಂಗಸರು ನೆರಿಗೆ ಹಿಂದಕ್ಕೆ ಬರುವ ಹಾಗೆ ಸೀರೆ ಉಡುವುದು ಇವತ್ತಿಗೂ ಮದುವೆ ಮನೆಯಲ್ಲಿ ಕಾಣುತ್ತದೆ. ನಿಮ್ಮ ಕಥೆಯಲ್ಲೂ ಕೇಳಿಕೊಳ್ಳಿ: ತಲೆತಲಾಂತರದಿಂದ ವರ್ಷಕ್ಕೊಂದು ದಿನ ಆನೆಗಳ ಮಾತು ಕೇಳಿಸಿಕೊಂಡ ಊರು ಹೇಗಿರುತ್ತದೆ? ಕಕ್ಕಡ 19ಕ್ಕೆ ಅಲ್ಲಿ ಯಾರೂ ತೋಟದ ಗೇಟು ಹಾಕುವುದಿಲ್ಲವೋ ಏನೋ. ಆನೆಯ ಹೆಸರು ಹಿಡಿದು ಬೈಯುವಂತಿಲ್ಲವೋ ಏನೋ. ಇಂಥ ಎರಡು ಮೂರು ಗುರುತು ಸಾಕು, ಉದ್ದದ ಇತಿಹಾಸ ಬೇಡ.

4. ಉಳಿದದ್ದೆಲ್ಲ ನಿಜವಿರಲಿ

ಹೆಚ್ಚಿನವರು ಸೋಲುವುದು ಇಲ್ಲೇ. ಅದಕ್ಕೇ ಇದಕ್ಕೆ ಜಾಸ್ತಿ ಸಮಯ ಕೊಡಿ.

ಕಥೆಯ ದಿನ ಆಗಸ್ಟ್ 3. ಆ ದಿನ ಕೊಡಗಿನಲ್ಲಿ ಏನಿರುತ್ತದೆ, ಏನಿರುವುದಿಲ್ಲ ಅಂತ ಎರಡು ಪಟ್ಟಿ ಮಾಡಿ. ಕಾಫಿ ಹಣ್ಣು ಇರುವುದಿಲ್ಲ. ಗಿಡದಲ್ಲಿರುವುದು ಹಸಿರು ಕಾಯಿ. ಅರೇಬಿಕಾ ಕೊಯ್ಲು ಶುರುವಾಗುವುದು ಹೆಚ್ಚುಕಮ್ಮಿ ನವೆಂಬರಿಗೆ, ರೋಬಸ್ಟಾ ಅದರ ಆಮೇಲೆ. ‘ಕಣದಲ್ಲಿ ಕಾಫಿ ಒಣಗುತ್ತಿತ್ತು’ ಅಂತ ನೀವು ಬರೆದರೆ ಕೊಡಗಿನ ಓದುಗ ಅಲ್ಲೇ ನಿಲ್ಲಿಸುತ್ತಾನೆ. ಆನೆ ಮಾತಾಡಿತು ಅಂದಾಗ ಒಪ್ಪಿಕೊಂಡವನು ಆಗಸ್ಟಿನಲ್ಲಿ ಕಾಫಿ ಹಣ್ಣಾಯಿತು ಅಂದರೆ ಒಪ್ಪುವುದಿಲ್ಲ.

ಇರುವುದು ಮಳೆ. ಗದ್ದೆಯಲ್ಲಿ ನಾಟಿ, ಕಾಲಿಗೆ ಜಿಗಣೆ, ದಿನಗಟ್ಟಲೆ ಇಲ್ಲದ ಕರೆಂಟು, ಒಲೆಯ ಮೇಲೆ ಒಣಹಾಕಿದ ಬಟ್ಟೆಯ ಹೊಗೆ ವಾಸನೆ. ಊಟಕ್ಕೆ ಕಣಿಲೆ, ಏಡಿ, ಅಣಬೆ. ಕಕ್ಕಡದಲ್ಲಿ ಮದುವೆ, ಗೃಹಪ್ರವೇಶ ಇಲ್ಲ. ಆದ್ದರಿಂದ ನಿಮ್ಮ ನಾಯಕಿ ಮದುವೆ ಮನೆಗೆ ಹೊರಟಿದ್ದಾಳೆ ಅಂತ ಬರೆಯುವ ಹಾಗಿಲ್ಲ. ನಾಟಿ ಮುಗಿದ ಮೇಲೆ ಬರುವ ಆಯುಧಗಳ ಹಬ್ಬ ಕೈಲ್ ಮುಹೂರ್ತಕ್ಕೆ ಇನ್ನೂ ಒಂದು ತಿಂಗಳಿದೆ. ಹಿಂದಿನ ಪದ್ಧತಿಯಂತೆ ಗದ್ದೆ ಕೆಲಸದ ಈ ದಿನಗಳಲ್ಲಿ ಕೋವಿಗಳನ್ನು ಮನೆಯ ಪೂಜೆಯ ಕೋಣೆಯಾದ ಕನ್ನಿಕೊಂಬರೆಯಲ್ಲಿ ಇಟ್ಟಿರುತ್ತಿದ್ದರು. ಕೈಲ್ ಮುಹೂರ್ತದಂದು ಪೂಜೆ ಮಾಡಿ ಹೊರಗೆ ತೆಗೆಯುತ್ತಿದ್ದರು.

ಈಗ ನೋಡಿ, ಆನೆಗಳ ಮಾತು ಕೇಳಿಸುವ ದಿನವೂ ಕೋವಿ ಕೆಳಗಿಟ್ಟ ದಿನವೂ ಒಂದೇ ಆಗಿಬಿಟ್ಟಿತು. ಇದನ್ನು ನಾವು ಹುಟ್ಟಿಸಲಿಲ್ಲ, ಕ್ಯಾಲೆಂಡರ್ ನೋಡಿದ್ದಕ್ಕೆ ಸಿಕ್ಕಿತು. ಕಥೆಗೆ ತಿರುವು ಸಿಗುತ್ತಿಲ್ಲ ಅಂತ ಪೆನ್ನು ಕಚ್ಚುತ್ತಾ ಕೂರುವ ಬದಲು ಇಂಥದ್ದನ್ನು ಹುಡುಕಿ. ನಾಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಹೊರತಂದ ‘ಪಟ್ಟೋಲೆ ಪಳಮೆ’ಯಲ್ಲಿ ಹಬ್ಬ, ಪದ್ಧತಿ, ಹಾಡು ರಾಶಿ ಇವೆ. ಅದಕ್ಕಿಂತ ಹತ್ತಿರದಲ್ಲಿ ನಿಮ್ಮ ಅಜ್ಜ ಅಜ್ಜಿ ಇದ್ದಾರೆ. ತೋಟದ ವಿಷಯಕ್ಕೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನೋ ಮೇಸ್ತ್ರಿಯನ್ನೋ ಕೇಳಿ. ಜಮೀನಿನಲ್ಲಿ ಬಾಣೆ ಎಂದರೇನು, ಪೈಸಾರಿ ಎಂದರೇನು, ಯಾವ ತಿಂಗಳು ಯಾವ ಕೆಲಸ, ಎಷ್ಟು ಗಂಟೆಗೆ ಆಳು ಇಳಿಯುತ್ತಾರೆ. ಅರ್ಧ ಗಂಟೆ ಕೂತರೆ ಹತ್ತು ಕಥೆಗಾಗುವಷ್ಟು ಹೇಳುತ್ತಾರೆ.

ಜಾಗವನ್ನು ಕೈಯಲ್ಲೇ ನಕ್ಷೆ ಬರೆದು ಗಟ್ಟಿ ಮಾಡಿಕೊಳ್ಳಿ. ಊರಿನ ಹೆಸರು ಕಲ್ಪನೆಯದ್ದಾಗಲಿ, ಆದರೆ ಅದು ಯಾವ ನಿಜವಾದ ಊರುಗಳ ನಡುವೆ ಇದೆ ಅನ್ನುವುದು ನಿಮಗೆ ಗೊತ್ತಿರಲಿ. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಕುಶಾಲನಗರದ ಕಡೆ ಅದರ ಕಾಲು ಭಾಗದ ಆಸುಪಾಸು. ಒಂದೇ ಜಿಲ್ಲೆ, ಒಂದೇ ದಿನ, ಒಂದು ಕಡೆ ಸೇತುವೆ ಮುಳುಗಿರುತ್ತದೆ, ಇನ್ನೊಂದು ಕಡೆ ಬೈಕ್ ಓಡಿಸಬಹುದು. ನಿಮ್ಮ ಪಾತ್ರ ಸಮಯಕ್ಕೆ ತಲುಪುತ್ತದೋ ಇಲ್ಲವೋ ಅನ್ನುವುದು ಇದರ ಮೇಲೆ ನಿಂತಿದೆ.

ಆನೆಯ ಬಗ್ಗೆಯೂ ಇದೇ ಮಾತು. ಹಿಂಡು ಎಂದರೆ ಹೆಣ್ಣಾನೆಗಳು, ಮರಿಗಳು. ದಾರಿ ತೋರಿಸುವುದು ಹಿರಿಯ ಹೆಣ್ಣಾನೆ. ದೊಡ್ಡ ಗಂಡಾನೆಗಳು ಹೆಚ್ಚಾಗಿ ಬೇರೆಯೇ ಇರುತ್ತವೆ. ಹಾಗಾದರೆ ಕಥೆಯಲ್ಲಿ ಮಾತಾಡುವುದು ಯಾರು? ಯಾರಿಗೆ? ದುಬಾರೆಯ ಆನೆ ಶಿಬಿರಕ್ಕೆ ಹೋದಾಗ ಸೆಲ್ಫಿ ಮುಗಿದ ಮೇಲೆ ಸ್ವಲ್ಪ ಹೊತ್ತು ನಿಂತು ಆನೆಯ ಹಣೆ ನೋಡಿ. ಆ ಕೇಳದ ದನಿ ಹೊರಡುವಾಗ ಹಣೆಯ ಚರ್ಮ ಅದುರುತ್ತದೆ. ನಮ್ಮ ಕಂದಕ, ಸೋಲಾರ್ ಬೇಲಿ, ರೈಲು ಕಂಬಿಯ ತಡೆ, ಕುತ್ತಿಗೆಗೆ ಕಟ್ಟಿದ ರೇಡಿಯೋ ಕಾಲರ್, ಇವಕ್ಕೆಲ್ಲ ಆನೆಗಳು ಏನು ಹೆಸರಿಟ್ಟಿರಬಹುದು? ನಿಮ್ಮ ಕಲ್ಪನೆಯನ್ನು ಇಲ್ಲಿ ಖರ್ಚು ಮಾಡಿ.

5. ಇದರ ಪೆಟ್ಟು ಯಾರ ಮೇಲೆ?

ಮಾಯೆ ಯಾರಿಗೆ ಸಿಗುತ್ತದೆ ಅನ್ನುವುದಕ್ಕಿಂತ ಅದರಿಂದ ಯಾರಿಗೆ ಪೆಟ್ಟಾಗುತ್ತದೆ ಅನ್ನುವುದು ಮುಖ್ಯ. ತೋಟದೊಳಗೆ ಆನೆ ನಿಂತಿದ್ದರೆ ಮೊದಲು ಎದುರಾಗುವುದು ಬೆಳಗ್ಗೆ ಕೆಲಸಕ್ಕೆ ನಡೆದು ಬರುವವರಿಗೆ. ಜೀಪಿನಲ್ಲಿ ಬರುವವರಿಗಲ್ಲ. ಹಾಗಾಗಿ ನಮ್ಮ ಕಥೆಯ ನಾಯಕಿ ತೋಟದ ಕೆಲಸಗಾರರ ಲೈನ್ ಮನೆಯ ಹುಡುಗಿಯಾಗಲಿ. ದೊಡ್ಡ ಮನೆಯಲ್ಲಿ ಪಾತ್ರೆ ತೊಳೆಯಲು ಹೋದವಳಿಗೆ ಒಂದು ಲೋಟ ಪಾಯಸ ಸಿಕ್ಕಿದೆ. ರಾತ್ರಿ ಅವಳಿಗೆ ಕೇಳಿಸುತ್ತದೆ: ಹಿಂಡು ಕೆರೆ ಪಕ್ಕದ ತೋಟದಲ್ಲಿದೆ, ಒಂದು ಮರಿಗೆ ನಡೆಯಲು ಆಗುತ್ತಿಲ್ಲ, ನಾಳೆ ಅಲ್ಲೇ ಉಳಿಯುತ್ತವೆ. ನಾಳೆ ಬೆಳಗ್ಗೆ ಅವಳ ಅಮ್ಮನಿಗೆ ಕೆಲಸ ಇರುವುದೂ ಅಲ್ಲೇ. ಹೇಳಿದರೆ ಪಟಾಕಿ ಹೊಡೆದು ಓಡಿಸುತ್ತಾರೆ, ಮರಿ ಉಳಿಯುವುದಿಲ್ಲ. ಹೇಳದಿದ್ದರೆ ಅಮ್ಮ. ಹೇಳಿದರೂ ‘ನಿನಗೆ ಹೇಗೆ ಗೊತ್ತು?’ ಅಂತ ಮನೆಯವರು ಕೇಳುವುದು ಅವಳಿಗೆ ಕೇಳಿಸುವುದಿಲ್ಲ. ಮೂರನೇ ಕಟ್ಟಳೆ ಈಗ ಕೆಲಸಕ್ಕೆ ಬಂತು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಸೈನ್ಸ್ ಫಿಕ್ಷನ್ ಅಲ್ಲ. ಆದರೂ ಹಾರುವ ಓತಿಯ ಬೆನ್ನು ಹತ್ತಿದ ಆ ಕಾದಂಬರಿ ಓದಿದವರಿಗೆ ಓತಿಯಷ್ಟೇ ಜೇನಿನ ಮಂದಣ್ಣ, ಬಿರಿಯಾನಿ ಕರಿಯಪ್ಪ ನೆನಪಿರುತ್ತಾರೆ. ಅದನ್ನು ಇನ್ನೊಮ್ಮೆ ಓದಿ, ಈ ಸಲ ಬರೆಯುವವರ ಕಣ್ಣಿನಿಂದ.

6. ಕೈ ಹಾಕಬಾರದ ಕಡೆ

ದೈವದ ವೇಷ ಹಾಕಿ ತೆರೆ ಕಟ್ಟುವುದು, ಗುಳಿಗ ದೈವ, ಹಿರಿಯರನ್ನು ಪೂಜಿಸುವ ಕಾರಣವರ ಕೈಮಡ ಇವೆಲ್ಲ ಇವತ್ತಿಗೂ ಜನ ಕೈಮುಗಿಯುವ ಜಾಗಗಳು. ಹೊರದೇಶದ ಸತ್ತ ದೇವರುಗಳನ್ನು ವಿಲನ್ ಮಾಡುವ ಹಾಗೆ ಇವರನ್ನು ಮಾಡಲಾಗದು. ಬೇಕಾದರೆ ನಿಮ್ಮದೇ ಒಂದು ಶಕ್ತಿಯನ್ನು ಹುಟ್ಟಿಸಿ, ಹೊಸ ಹೆಸರಿಡಿ.

ಕೊಡಗಿನ ಬುಡಕಟ್ಟಿನವರಾದ ಯರವರು, ಕುರುಬರು ಕಥೆಗೆ ಬಂದರೆ ಮಂತ್ರ ಹೇಳಿಕೊಡುವ ಕಾಡಿನ ಮುದುಕನಾಗಿ ಮಾತ್ರ ಬರುವುದು ಹಳಸಿದ ಚಟ. ಅವರಿಗೂ ರೇಷನ್ ಕಾರ್ಡಿನ ಚಿಂತೆ, ಮೊಬೈಲ್ ರೀಚಾರ್ಜಿನ ಚಿಂತೆ ಇರುತ್ತದೆ. ಅದನ್ನು ಬರೆಯಿರಿ.

ಮನೆ ಹೆಸರಿನ ವಿಷಯದಲ್ಲಿ ಹುಷಾರು. ‘ಅಂಡ’, ‘ಇರ’ ಸೇರಿಸಿ ಸುಮ್ನೆ ಒಂದು ಒಕ್ಕದ, ಅಂದರೆ ಕೊಡವ ಮನೆತನದ, ಹೆಸರು ಕಟ್ಟಿದರೆ ಅದು ನಿಜವಾಗಿಯೂ ಯಾರದೋ ಮನೆಯಾಗಿರುವ ಸಾಧ್ಯತೆ ಜಾಸ್ತಿ. ಕೆಟ್ಟ ಪಾತ್ರಕ್ಕಂತೂ ಮನೆ ಹೆಸರೇ ಬೇಡ. ಇನ್ನು 2018ರ ಆಗಸ್ಟಿನ ಭೂಕುಸಿತದಂಥ ನೋವನ್ನು ಬರೀ ಥ್ರಿಲ್‌ಗಾಗಿ ತರಬೇಡಿ. ಮನೆ ಕಳೆದುಕೊಂಡವರೇ ನಿಮ್ಮ ಓದುಗರಾಗಿರುತ್ತಾರೆ.

7. ಮೊದಲ ಪುಟ

‘ಸಾವಿರ ವರ್ಷಗಳ ಹಿಂದೆ ಕೊಡಗಿನ ಕಾಡಿನಲ್ಲಿ ಒಂದು ಮಹಾಶಕ್ತಿ ಅಡಗಿತ್ತು’ ಅಂತ ಶುರು ಮಾಡಬೇಡಿ. ಓದುಗರಿಗೆ ಸಾವಿರ ವರ್ಷವೂ ಕಾಣುವುದಿಲ್ಲ, ಶಕ್ತಿಯೂ ಕಾಣುವುದಿಲ್ಲ. ಹೀಗೆ ಮಾಡಿ ನೋಡಿ:

‘ದೊಡ್ಡ ಮನೆಯಿಂದ ಬರುವಾಗ ಅಕ್ಕ ಒಂದು ಲೋಟ ಪಾಯಸ ಕೊಟ್ಟರು. ಮಳೆ ನೀರು ಬೀಳಬಾರದು ಅಂತ ಸೆರಗು ಮುಚ್ಚಿ ತಂದೆ. ಲೈನಿಗೆ ಬರುವಷ್ಟರಲ್ಲಿ ತಣ್ಣಗಾಗಿತ್ತು. ಅರ್ಧ ತಮ್ಮನಿಗೆ ಇಡಬೇಕು ಅಂದುಕೊಂಡೇ ಪೂರ್ತಿ ಕುಡಿದೆ. ಆಮೇಲೆ ಅಮ್ಮ ಬೈಯುವುದಕ್ಕೆ ಬಾಯಿ ತೆರೆದದ್ದು ಕಂಡಿತು, ಮಾತು ಕೇಳಿಸಲಿಲ್ಲ. ಕೆರೆ ಕಡೆಯಿಂದ ಯಾರೋ ಹೆಂಗಸು ಮರಿಯನ್ನು ಏಳು ಅನ್ನುತ್ತಿದ್ದಳು.’

ಪಾಯಸ, ಮಳೆ, ಲೈನ್, ಅಮ್ಮ, ಎಲ್ಲ ಗೊತ್ತಿರುವಂಥದ್ದು. ಸುಳ್ಳು ಕೊನೆಯ ಎರಡು ಸಾಲಿನಲ್ಲಿ ಸದ್ದಿಲ್ಲದೆ ಒಳಗೆ ಬಂತು. ‘ಆಶ್ಚರ್ಯಕರವಾಗಿ’, ‘ಮಾಯವಾಗಿ’ ಅನ್ನುವ ಪದ ಒಂದೂ ಇಲ್ಲ. ಹುಡುಗಿಗೆ ಬೆರಗಾಗುವಷ್ಟು ಪುರುಸೊತ್ತೂ ಇಲ್ಲ.

ಮಾತುಕತೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲ ಬರುವ ಜಿಲ್ಲೆ ಇದು. ನಿಮಗೆ ಬರುವ ಭಾಷೆಯ ಒಂದೆರಡು ಮಾತು ಸೇರಿಸಿ, ಬರದಿದ್ದರೆ ಕನ್ನಡದಲ್ಲೇ ಬರೆಯಿರಿ. ಅರೆಬರೆ ಬರೆದು ನಗೆಪಾಟಲಾಗುವುದು ಬೇಡ.

8. ಓದಿಸಿ, ತಿದ್ದಿ, ಕಳಿಸಿ

ಮೊದಲ ಕಥೆ 2,000ದಿಂದ 2,500 ಪದದೊಳಗೆ ಮುಗಿಯಲಿ. ಮೂರು ಭಾಗದ ಕಾದಂಬರಿ ಆಮೇಲೆ ಮಾಡಬಹುದು. ಬರೆದದ್ದನ್ನು ಫ್ಯಾಂಟಸಿ ಓದುವ ಗೆಳೆಯರಿಗೆ ಕೊಡುವ ಮೊದಲು, ಅದನ್ನು ಓದದವರ ಎದುರು ಗಟ್ಟಿಯಾಗಿ ಓದಿ. ಮನೆಯ ಹಿರಿಯರು ಸಾಕು. ‘ಆನೆ ಹೇಗೆ ಮಾತಾಡುತ್ತದೆ?’ ಅಂತ ಕೇಳಿದರೆ ಮೂರನೇ ಹೆಜ್ಜೆ ಸಡಿಲವಾಗಿದೆ. ‘ಆ ತಿಂಗಳು ಅಲ್ಲಿ ಆ ಕೆಲಸ ಇರಲ್ಲ’ ಅಂದರೆ ನಾಲ್ಕನೆಯದು. ‘ಆಮೇಲೆ ಆ ಮರಿ ಏನಾಯ್ತು?’ ಅಂದರೆ ತಿದ್ದುವುದು ಸ್ವಲ್ಪವೇ ಇದೆ.

ಯೂನಿಕೋಡಿನಲ್ಲಿ ಟೈಪ್ ಮಾಡಿ. ಸುಧಾ, ತರಂಗ ವಾರಪತ್ರಿಕೆಗಳು, ಮಯೂರ, ತುಷಾರ ಮಾಸಪತ್ರಿಕೆಗಳು ಸಣ್ಣಕಥೆ ಹಾಕುತ್ತವೆ. ಪ್ರಜಾವಾಣಿ ದೀಪಾವಳಿ ಕಥಾಸ್ಪರ್ಧೆ ನಡೆಸುತ್ತದೆ, ಆ ವರ್ಷದ ಪ್ರಕಟಣೆಯಲ್ಲಿ ಪದಮಿತಿ ಮತ್ತು ಕೊನೆಯ ದಿನಾಂಕ ನೋಡಿಕೊಳ್ಳಿ. ಜಿಲ್ಲೆಯ ಪತ್ರಿಕೆಗಳಲ್ಲಿ, ಮಡಿಕೇರಿ ಆಕಾಶವಾಣಿಯಲ್ಲಿ ಕಥೆಗೆ ಅವಕಾಶ ಇದೆಯೇ ಅಂತಲೂ ವಿಚಾರಿಸಿ. ಕಥೆಯ ಮೇಲೆ ‘ಫ್ಯಾಂಟಸಿ’ ಅಂತ ಹಣೆಪಟ್ಟಿ ಹಚ್ಚಿ, ಜೊತೆಗೆ ವಿವರಣೆ ಪತ್ರ ಬರೆದು ಕಳಿಸಬೇಡಿ. ಸಂಪಾದಕರು ಮೊದಲ ಪುಟ ಓದಿ ತಾವೇ ತಿಳಿದುಕೊಳ್ಳಲಿ. ಒಂದೇ ಕಥೆಯನ್ನು ಒಂದೇ ಸಲ ಎರಡು ಕಡೆ ಕಳಿಸುವುದು ಬೇಡ. ಕಳಿಸಿದ ದಿನಾಂಕ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಟ್ಟು, ಉತ್ತರ ಬರುವವರೆಗೆ ಅದೇ ಸುಳ್ಳನ್ನು ಅರಣ್ಯ ಕಾಲೇಜಿನ ಹುಡುಗಿಯ ಕಡೆಯಿಂದ, ಮೈಕ್ ಕಟ್ಟುವುದರಿಂದ ಶುರು ಮಾಡಿ ಬರೆಯಲು ಹಿಡಿಯಿರಿ.